ಐದನೇ ಶೀಲ ಮತ್ತು ಪರೀಕ್ಷೆ ಕಾಲದ ಕಾಫಿ



ಧಮ್ಮಬಂಧುಗಳೇ, ಇಂದಿನ ಚಿಂತನೆ ಒಂದು ಪ್ರಶ್ನೆಯಿಂದ ಹುಟ್ಟಿದ್ದು. ನಮ್ಮ ಅಧ್ಯಯನ ಕೂಟಕ್ಕೆ ಬರುವ ತಾಯಿಯೊಬ್ಬರ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಅವರು ಕೇಳಿದರು: "ಮೇಷ್ಟ್ರೇ, ಮಗಳು ರಾತ್ರಿಯೆಲ್ಲಾ ಕಾಫಿ ಕುಡ್ಕೊಂಡು ಓದ್ತಾಳೆ. ಬೆಳಿಗ್ಗೆ ಎದ್ದ ತಕ್ಷಣ ಕಾಫಿ ಇಲ್ಲಾಂದ್ರೆ ತಲೆನೋವು ಅಂತಾಳೆ. ಇದು ಐದನೇ ಶೀಲ ಮುರಿದಂಗೆ ಆಗ್ತದಾ?" ಕೂತಿದ್ದವರಲ್ಲಿ ಒಂದಿಬ್ಬರು ನಕ್ಕರು. ನಗುವ ಪ್ರಶ್ನೆ ಅಲ್ಲ ಅದು. ಪಂಚಶೀಲವನ್ನು ಬಾಯಲ್ಲಿ ಹೇಳಿ ಮುಗಿಸದೆ ಅಡುಗೆಮನೆಯವರೆಗೆ ತೆಗೆದುಕೊಂಡು ಹೋದವರು ಮಾತ್ರ ಕೇಳಬಹುದಾದ ಪ್ರಶ್ನೆ.

ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. ಇಲ್ಲ, ಕಾಫಿ ಕುಡಿದರೆ ಶೀಲ ಮುರಿಯುವುದಿಲ್ಲ. ಐದನೇ ಶೀಲದಲ್ಲಿ ಸುರಾ, ಮೇರಯ, ಮಜ್ಜ ಎಂಬ ಮೂರು ಪದಗಳಿವೆ. ಮೂರೂ ಮತ್ತು ಬರಿಸುವ ಪದಾರ್ಥಕ್ಕೆ ಸಂಬಂಧಪಟ್ಟವು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿಯೂ ಮದ್ಯ ಮುಟ್ಟುವುದಿಲ್ಲ ಎಂಬುದು ಒಂದು. ಕಾಫಿಯ ಮಾತು ಎಲ್ಲಿಯೂ ಇಲ್ಲ. ಬುದ್ಧರ ಕಾಲದಲ್ಲಿ ಈ ನೆಲದಲ್ಲಿ ಕಾಫಿಯೇ ಇರಲಿಲ್ಲ. ಅದು ನಮ್ಮ ಚಿಕ್ಕಮಗಳೂರಿನ ಗಿರಿಗೆ ಬಂದದ್ದು 17ನೇ ಶತಮಾನದಲ್ಲಿ, ಬಾಬಾ ಬುಡನ್ ಅವರು ಯೆಮನ್ನಿನಿಂದ ಏಳು ಬೀಜ ತಂದರು ಎಂದು ಹೇಳುತ್ತಾರೆ. ಮಧ್ಯಾಹ್ನದ ನಂತರ ಊಟ ಮಾಡದ ಭಿಕ್ಕುಗಳು ಹಾಲು ಹಾಕದ ಚಹಾ, ಕಾಫಿ ಕುಡಿಯುವುದನ್ನು ಕಂಡವರು ನಮ್ಮಲ್ಲೇ ಇದ್ದಾರೆ. ಝೆನ್ ಪಂಥದವರಂತೂ ಧ್ಯಾನದಲ್ಲಿ ತೂಕಡಿಸಬಾರದೆಂದೇ ಚಹಾ ಕುಡಿಯುತ್ತಿದ್ದರು. ನಿದ್ದೆ ಬಂತೆಂದು ಬೋಧಿಧರ್ಮರು ತಮ್ಮ ಕಣ್ಣೆವೆಗಳನ್ನೇ ಕಿತ್ತು ಎಸೆದರು, ಅವು ಬಿದ್ದ ಜಾಗದಲ್ಲಿ ಚಹಾ ಗಿಡ ಹುಟ್ಟಿತು ಎಂಬ ಕಥೆಯೂ ಅವರಲ್ಲಿದೆ. ಪವಾಡಗಳನ್ನು ಬಿಟ್ಟು ಬಂದ ನಾವು ಇದನ್ನು ಕಥೆಯಾಗಿ ಕೇಳಿದರೆ ಸಾಕು. ಪರೀಕ್ಷೆ ಹತ್ತಿರವಿರುವ ಮಕ್ಕಳಿಗಂತೂ ಹೇಳಲೇಬೇಡಿ.

ಉತ್ತರ ಇಷ್ಟಕ್ಕೇ ನಿಂತರೆ ಆ ತಾಯಿಗೆ ಮೋಸ ಮಾಡಿದಂತೆ. ಆ ಮೂರು ಪದಗಳ ಜೊತೆಗೇ ಇನ್ನೊಂದು ಪದ ಬರುತ್ತದೆ: ಪಮಾದಟ್ಠಾನ. ಪಮಾದ ಎಂದರೆ ಎಚ್ಚರಗೇಡಿತನ, ಅದಕ್ಕೆ ಎಡೆ ಮಾಡಿಕೊಡುವುದು ಪಮಾದಟ್ಠಾನ. ಮದ್ಯವನ್ನು ಬೇಡ ಎಂದಿದ್ದು ಅದರ ಬಣ್ಣಕ್ಕೋ ವಾಸನೆಗೋ ಅಲ್ಲ, ಅದು ಮನಸ್ಸಿನ ಕಾವಲು ಕೆಡಿಸುತ್ತದೆ ಎಂದು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ನಿಯಮ ಬೇರೆ, ತತ್ವ ಬೇರೆ ಎಂದು ಬಿಡಿಸಿ ಹೇಳುತ್ತಾರೆ. ನಿಯಮ ಇಂಥದ್ದು ಮಾಡು, ಇಂಥದ್ದು ಬೇಡ ಎನ್ನುತ್ತದೆ. ತತ್ವ ಯೋಚಿಸಿ ತೀರ್ಮಾನಿಸುವ ಹೊಣೆಯನ್ನು ನಮ್ಮ ಮೇಲೇ ಹೊರಿಸುತ್ತದೆ. 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅಹಿಂಸೆಯ ವಿಚಾರ ಬಂದಾಗಲೂ ಇದೇ ಭೇದವನ್ನು ಅವರು ತೋರಿಸುತ್ತಾರೆ. ಶೀಲವನ್ನು ನಿಯಮದಂತೆ ಓದಿದರೆ ಕಾಫಿಯ ವಿಷಯ ಇಲ್ಲಿಗೇ ಮುಗಿಯಿತು. ತತ್ವವಾಗಿ ಓದಿದರೆ ಈಗಷ್ಟೇ ಶುರುವಾಯಿತು. ಎಚ್ಚರವಾಗಿರಲೆಂದೇ ಕುಡಿಯುವ ಕಾಫಿ ಎಚ್ಚರಗೇಡಿತನಕ್ಕೆ ಎಡೆಯಾಗಬಹುದೇ?

ಅದಕ್ಕೆ ಹೋಗುವ ಮೊದಲು ಒಂದು ಮಾತು. ನಮ್ಮ ಜನಕ್ಕೆ ಕಾಫಿ ಬರೀ ಕಾಫಿ ಅಲ್ಲ. ಹೋಟೆಲಿನ ಹೊರಗೆ ನಿಂತು ತೆಂಗಿನ ಚಿಪ್ಪಿನಲ್ಲಿ ಕಾಫಿ ಹುಯ್ಯಿಸಿಕೊಂಡ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಗೋಡೆಯ ಗೂಡಿನಲ್ಲಿ ಬೇರೆ ಇಟ್ಟ ಲೋಟ ತೆಗೆದುಕೊಂಡು, ಕುಡಿದು, ತಾವೇ ತೊಳೆದಿಟ್ಟು ಬಂದವರಿದ್ದಾರೆ. ಸಂವಿಧಾನದ 15ನೇ ವಿಧಿಯಲ್ಲಿ ಹೋಟೆಲು, ಅಂಗಡಿಗಳ ಪ್ರವೇಶದ ಮಾತು ಬರುವುದು ಸುಮ್ಮನೆ ಅಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲಿ ಹೋಟೆಲಿನ ಪಾತ್ರೆ ಬಳಸುವ ಹಕ್ಕನ್ನೂ ಬಿಡಿಸಿ ಬರೆಯಬೇಕಾಗಿ ಬಂತು. ದಲಿತ ಸಂಘರ್ಷ ಸಮಿತಿಯ ಕಾಲದಲ್ಲಿ ಹೋಟೆಲಿನ ಒಳಗೆ ಬೆಂಚಿನ ಮೇಲೆ ಕೂತು ಎಲ್ಲರ ಲೋಟದಲ್ಲೇ ಕಾಫಿ ಕುಡಿಯುವುದೇ ಒಂದು ಹೋರಾಟ. ದೇಶದ ಕಾಫಿಯಲ್ಲಿ ಸುಮಾರು 70 ಭಾಗ ಕರ್ನಾಟಕದಲ್ಲೇ ಬೆಳೆಯುತ್ತದೆ, ಆ ತೋಟಗಳ ಲೈನ್ ಮನೆಗಳಲ್ಲಿದ್ದು ಹಣ್ಣು ಬಿಡಿಸಿದ ಕೈಗಳಲ್ಲಿ ನಮ್ಮವರ ಕೈಗಳೂ ಬಹಳ. ಹಾಗಾಗಿ 'ಕಾಫಿ ಕುಡಿಯಬೇಡ' ಎಂದು ಯಾರಾದರೂ ಮೇಲಿನಿಂದ ಉಪದೇಶ ಮಾಡಿದರೆ ನನಗೂ ಕಿವಿ ನೆಟ್ಟಗಾಗುತ್ತದೆ. ಈ ಬರಹ ಅಂಥದ್ದಲ್ಲ. ದೊಡ್ಡವರು ಮಿತವಾಗಿ ಕುಡಿಯುವ ಕಾಫಿಯ ಬಗ್ಗೆ ನನಗೆ ತಕರಾರಿಲ್ಲ. ಹದಿನಾರು ಹದಿನೇಳರ ಮಕ್ಕಳು ನಿದ್ದೆಗೆ ಬದಲಾಗಿ ಕುಡಿಯುವ ಕಾಫಿಯ ಬಗ್ಗೆ ಮಾತ್ರ ಈ ಮಾತು.

ವಿಜ್ಞಾನದ ಪಾಠ ಮಾಡಿದ ಅಭ್ಯಾಸದಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾವು ಬೆಳಿಗ್ಗೆ ಎದ್ದಾಗಿನಿಂದ ಮಿದುಳಿನಲ್ಲಿ ಅಡಿನೊಸಿನ್ ಎಂಬ ರಾಸಾಯನಿಕ ಸ್ವಲ್ಪ ಸ್ವಲ್ಪವೇ ಸೇರುತ್ತಾ ಹೋಗುತ್ತದೆ. ಅದು ಕೂರುವುದಕ್ಕೆ ಮಿದುಳಿನ ಜೀವಕೋಶಗಳ ಮೇಲೆ ಗೊತ್ತಾದ ಜಾಗಗಳಿವೆ. ಅಲ್ಲಿ ಅದು ಕೂತಷ್ಟೂ ಆಯಾಸ, ಆಕಳಿಕೆ, ತೂಕಡಿಕೆ. ಮಲಗಿ ನಿದ್ದೆ ಮಾಡಿದಾಗ ಅದು ಕಡಿಮೆಯಾಗುತ್ತದೆ. ಕಾಫಿಯಲ್ಲಿರುವ ಕೆಫೀನಿಗೂ ಅಡಿನೊಸಿನ್ನಿಗೂ ಆಕಾರದಲ್ಲಿ ಹೋಲಿಕೆಯಿದೆ. ಕೆಫೀನ್ ಹೋಗಿ ಆ ಜಾಗಗಳಲ್ಲಿ ಕೂತುಬಿಡುತ್ತದೆ. ಕೂತರೂ ಆಯಾಸದ ಸುದ್ದಿ ಹೇಳುವುದಿಲ್ಲ. ಸಂತೆ ದಿನ ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುತ್ತಾರಲ್ಲ, ಹಾಗೆ. ಟವೆಲ್ ಬಿದ್ದ ಸೀಟಿನಲ್ಲಿ ಯಾರೂ ಕೂರುವಂತಿಲ್ಲ. ಆದರೆ ಜನ ಎಲ್ಲೂ ಹೋಗಿಲ್ಲ, ಬಸ್ಸಿನೊಳಗೇ ನಿಂತಿದ್ದಾರೆ, ಇನ್ನೂ ಹತ್ತುತ್ತಲೇ ಇದ್ದಾರೆ. ಟವೆಲ್ ತೆಗೆದ ಕೂಡಲೇ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಕಾಫಿ ಇಳಿದ ಮೇಲೆ ಮಗು ಪುಸ್ತಕದ ಮೇಲೆ ಬಿದ್ದು ಮಲಗುವುದು ಇದಕ್ಕೇ. ಕಾಫಿ ಆಯಾಸ ಕಳೆಯಲಿಲ್ಲ. ಆಯಾಸ ಗೊತ್ತಾಗದಂತೆ ಮಾಡಿತು, ಅಷ್ಟೇ.

ದಿನವೂ ಹೀಗೆ ಟವೆಲ್ ಹಾಕುತ್ತಾ ಬಂದರೆ ಮಿದುಳೂ ಸುಮ್ಮನಿರುವುದಿಲ್ಲ, ಸೀಟುಗಳನ್ನೇ ಹೆಚ್ಚು ಮಾಡಿಕೊಳ್ಳುತ್ತದೆ. ಒಂದು ಲೋಟದಲ್ಲಿ ಆಗುತ್ತಿದ್ದ ಕೆಲಸಕ್ಕೆ ಎರಡು ಬೇಕಾಗುತ್ತದೆ. ಒಂದು ದಿನ ಕಾಫಿ ತಪ್ಪಿದರೆ ಹೆಚ್ಚಾದ ಸೀಟುಗಳ ತುಂಬ ಅಡಿನೊಸಿನ್. ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ, ತಲೆ ಸಿಡಿಯುತ್ತದೆ, ಸಿಡುಕು, ಮಂಕು, ಗಮನ ನಿಲ್ಲದಿರುವುದು. ಕಡೆಯ ಲೋಟ ಕುಡಿದ 12ರಿಂದ 24 ಗಂಟೆಗಳಲ್ಲಿ ಇದು ಶುರುವಾಗುತ್ತದೆ, ಎರಡು ದಿನದಿಂದ ಒಂಬತ್ತು ದಿನದವರೆಗೂ ಇರಬಹುದು. ಅಮೆರಿಕದ ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ಕೆಫೀನ್ ಬಿಟ್ಟಾಗಿನ ಈ ತೊಂದರೆಯನ್ನು ಒಂದು ರೋಗಸ್ಥಿತಿ ಎಂದೇ ಸೇರಿಸಿತು. ಕೆಫೀನ್ ಚಟ ಹೆಂಡ, ಹೊಗೆಸೊಪ್ಪಿನ ಚಟಕ್ಕೆ ಸಮವೇ ಎಂಬುದನ್ನು ಅದು ತೀರ್ಮಾನಿಸಿಲ್ಲ, ಇನ್ನೂ ಅಧ್ಯಯನ ಆಗಬೇಕಾದ ವಿಷಯ ಎಂದು ಇಟ್ಟಿದೆ. ನಾವೂ ಅಷ್ಟಕ್ಕೇ ನಿಲ್ಲೋಣ. ಮಗಳು ಕಾಫಿ ಕುಡಿದಳೆಂದು ಕುಡುಕರ ಸಾಲಿಗೆ ಸೇರಿಸಿ ಬೈಯುವುದು ವಿಜ್ಞಾನವೂ ಅಲ್ಲ, ಧಮ್ಮವೂ ಅಲ್ಲ.

ಆ ತಾಯಿ ಹೇಳಿದ ಬೆಳಗಿನ ತಲೆನೋವಿನಲ್ಲಿ ಒಂದು ಮೋಸ ಅಡಗಿದೆ. ಕಾಫಿ ಕುಡಿದ ಸ್ವಲ್ಪ ಹೊತ್ತಿಗೆ ನೋವು ಇಳಿಯುತ್ತದೆ. 'ಕಾಫಿ ಕುಡಿದರೇನೇ ನನಗೆ ತಲೆ ಓಡೋದು' ಎಂದು ಮಗು ನಂಬುತ್ತದೆ. ನಿಜವಾಗಿ ನಿನ್ನೆಯ ಕಾಫಿ ತಂದಿಟ್ಟ ನೋವನ್ನು ಇಂದಿನ ಕಾಫಿ ತೆಗೆಯಿತು. ಸಾಹುಕಾರನ ಸಾಲ ತೀರಿಸಲು ಅವನ ಹತ್ತಿರವೇ ಸಾಲ ತಂದಂತೆ. ಅಂಗಡಿಯಲ್ಲಿ ಸಿಗುವ ಕೆಲವು ತಲೆನೋವಿನ ಮಾತ್ರೆಗಳಲ್ಲಿಯೂ ಕೆಫೀನ್ ಇರುತ್ತದೆ. 'ಕಾಫಿ ಬಿಟ್ಟೆ, ಮಾತ್ರೆಯಲ್ಲಿ ವಾಸಿಯಾಯ್ತು' ಎನ್ನುವವರು ಮಾತ್ರೆ ಹಾಳೆಯ ಹಿಂಬದಿ ಓದಬೇಕು. ಪಟಿಚ್ಚಸಮುಪ್ಪಾದವನ್ನು ನಾವು ಭಾನುವಾರದ ತರಗತಿಯಲ್ಲಿ ಹಲಗೆಯ ಮೇಲೆ ಬರೆದು ಕಲಿಯುತ್ತೇವೆ: ವೇದನೆಯಿಂದ ತಣ್ಹಾ, ತಣ್ಹಾದಿಂದ ಉಪಾದಾನ. ಹಿತ ಅಥವಾ ನೋವು, ಅದರಿಂದ ಬೇಕು ಎಂಬ ಹಂಬಲ, ಹಂಬಲದಿಂದ ಬಿಡಿಸಿಕೊಳ್ಳಲಾರದ ಹಿಡಿತ. ಹಲಗೆಯ ಮೇಲೆ ಅರ್ಥವಾಗದ ಮಕ್ಕಳಿಗೂ ಬೆಳಿಗ್ಗೆ ಆರೂವರೆಯ ಈ ತಲೆನೋವಿನಲ್ಲಿ ಅರ್ಥವಾಗುತ್ತದೆ. ಬೈಯದೆ ಕೂರಿಸಿಕೊಂಡು ತೋರಿಸಿಕೊಡಬೇಕು.

ಎಷ್ಟು ಕುಡಿದರೆ ಹೆಚ್ಚು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಐಸಿಎಂಆರ್ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಲೆಕ್ಕ ಹೀಗಿದೆ. 150 ಮಿಲಿಯ ಒಂದು ಲೋಟ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್, ಇನ್‌ಸ್ಟಂಟ್ ಪುಡಿಯ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಮಕ್ಕಳಿಗೂ ಹರೆಯದವರಿಗೂ ದೇಹದ ತೂಕದ ಕಿಲೋಗೆ 3 ಮಿಲಿಗ್ರಾಂ ಎಂದು ಲೆಕ್ಕ ಹಾಕಿತು. ನಮ್ಮ ಹುಡುಗಿ 45 ಕಿಲೋ ಇದ್ದರೆ 135 ಮಿಲಿಗ್ರಾಂ, ಅಂದರೆ ಪುಡಿ ಕಾಫಿ ಎರಡು ಲೋಟ. ರಾತ್ರಿಯ ಕಾಫಿಗೆ ಮಕ್ಕಳು ಎರಡು ಸ್ಯಾಶೆ ಒಟ್ಟಿಗೆ ಸುರಿದುಕೊಳ್ಳುವುದನ್ನು ನೋಡಿದ್ದೇನೆ. ಆಗ ಒಂದು ಲೋಟದಲ್ಲೇ ಲೆಕ್ಕ ಮುಗಿಯಿತು.

ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುವ ಕೆಂಪು, ನೀಲಿ ಬಣ್ಣದ ಎನರ್ಜಿ ಡ್ರಿಂಕ್ ಬಾಟಲಿಗಳು ಬೇರೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಇವುಗಳಿಗೆ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಬಿಟ್ಟಿದೆ. ಕಾಲು ಲೀಟರ್ ಬಾಟಲಿಗೆ 75 ಆಯಿತು. ಜೊತೆಗೆ ಸಕ್ಕರೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ತಕ್ಕುದಲ್ಲ ಎಂಬ ಎಚ್ಚರಿಕೆ ಬಾಟಲಿಯ ಮೇಲೇ ಇರಬೇಕೆಂಬುದು ನಿಯಮ. ಇರುತ್ತದೆ ಕೂಡ, ಇರುವೆ ಕಾಲಿನಷ್ಟು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಕಾಫಿ ಬಿಸಿಯಿರುವುದರಿಂದ ಗುಟುಕು ಗುಟುಕಾಗಿ ಕುಡಿಯುತ್ತೇವೆ. ಇದು ತಣ್ಣಗಿದೆ, ಸಿಹಿಯಿದೆ, ಒಂದೇ ಉಸಿರಿಗೆ ಇಳಿಯುತ್ತದೆ. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ಕಾರಣವಿಲ್ಲದೆ ಗಾಬರಿಯಾಗುವುದು ಕಂಡರೆ ಮೊದಲು ಇದನ್ನು ಕೇಳಿ. ಹೃದಯದ ತೊಂದರೆ, ಮೂರ್ಛೆ ರೋಗ, ಆತಂಕದ ಕಾಯಿಲೆ ಇರುವ ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳದೆ ಬಿಡಬೇಡಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಅಪಾಯ, ಇದನ್ನು ಯಾರೂ ಹೇಳುವುದಿಲ್ಲ. ಊಟದ ಹಿಂದೆ ಮುಂದೆ ಕುಡಿದ ಕಾಫಿ, ಚಹಾ ಆಹಾರದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕುಡಿಯಬೇಡಿ ಎಂದು ಅದೇ 2024ರ ಮಾರ್ಗಸೂಚಿ ಹೇಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ರಕ್ತ ಕಡಿಮೆಯಿದ್ದರೆ ಸುಸ್ತು. ಸುಸ್ತಿಗೆ ಕಾಫಿ. ಕಾಫಿಯಿಂದ ರಾಗಿ ಮುದ್ದೆ, ಸೊಪ್ಪಿನ ಸಾರಿನ ಕಬ್ಬಿಣವೂ ನಷ್ಟ. ಶಾಲೆ, ಕಾಲೇಜಿನಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗುವ ಮಕ್ಕಳಿಗೆ ಅದರ ಫಲ ಸರಿಯಾಗಿ ಸಿಗುವುದಿಲ್ಲ.

ಇಷ್ಟೆಲ್ಲಾ ಮಾಡುವುದು ಅಂಕಕ್ಕೆ ತಾನೇ? ಕೆಫೀನ್ ಕುಡಿದ ಐದು ಗಂಟೆಯ ನಂತರವೂ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ. ರಾತ್ರಿ ಹತ್ತಕ್ಕೆ ಕುಡಿದ ಲೋಟದ ಅರ್ಧ ಬೆಳಗಿನ ಜಾವ ಮೂರಕ್ಕೂ ಎಚ್ಚರವಾಗಿ ಕೂತಿದೆ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ತೆಗೆದುಕೊಂಡರೂ ಒಂದು ಗಂಟೆಗಿಂತ ಹೆಚ್ಚು ನಿದ್ದೆ ಹೋಗುತ್ತದೆ ಎಂದು 2013ರ ಒಂದು ಪ್ರಯೋಗ ಅಳೆದು ತೋರಿಸಿದೆ. ಹರೆಯದ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎಂಬುದು ನಿದ್ರಾತಜ್ಞರ ಮಾತು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ನಾಟಿ ಮಾಡಿದ ಗದ್ದೆಯಲ್ಲಿ ನೀರು ನಿಲ್ಲಲು ಬಿಡದೆ ಮತ್ತೆ ಮತ್ತೆ ನಾಟಿ ಮಾಡುತ್ತಿದ್ದರೆ ಪೈರು ಬರುತ್ತದೆಯೇ? ಪರೀಕ್ಷೆಯ ದಿನದ ಕಷ್ಟ ಇನ್ನೊಂದು. ನೀಟ್ ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ಹಿಂದಿನ ರಾತ್ರಿ ಹತ್ತಕ್ಕೆ ಕಡೆಯ ಕಾಫಿ ಕುಡಿದು, ಬೆಳಿಗ್ಗೆ ಬೇರೆ ಊರಿನ ಕೇಂದ್ರಕ್ಕೆ ಬಸ್ ಹಿಡಿಯುವ ಗಡಿಬಿಡಿಯಲ್ಲಿ ಕಾಫಿ ತಪ್ಪಿದ ಹುಡುಗಿಗೆ ಪ್ರಶ್ನೆಪತ್ರಿಕೆ ಕೈಗೆ ಬರುವ ಹೊತ್ತಿಗೆ 16 ಗಂಟೆ. ತಲೆನೋವು ಶುರುವಾಗುವ ಸರಿಯಾದ ಸಮಯ.

ಈಗ ನಮ್ಮವರಲ್ಲೇ ಇರುವ ಒಂದು ಮಾತಿಗೆ ಬರುತ್ತೇನೆ. ಮಗು ತೂಕಡಿಸಿದರೆ ಸಾಕು, 'ಬಾಬಾಸಾಹೇಬರು ದಿನಕ್ಕೆ 18 ಗಂಟೆ ಓದ್ತಿದ್ರು, ನಿನಗೆ ಹನ್ನೆರಡರವರೆಗೆ ಕೂರಕ್ಕಾಗಲ್ವಾ' ಎನ್ನುತ್ತೇವೆ. ಬಾಬಾಸಾಹೇಬರ ಹೆಸರು ಮಕ್ಕಳಿಗೆ ಬಲವಾಗಬೇಕು, ಬಾರುಕೋಲಾಗಬಾರದು. ಅವರು ಕೊಲಂಬಿಯಾಕ್ಕೆ ಹೋದಾಗ ಅವರಿಗೆ 22 ವರ್ಷ. ಲಂಡನ್ನಿಗೆ ಮರಳಿ, ಗ್ರಂಥಾಲಯ ತೆರೆಯುವ ಹೊತ್ತಿಗೆ ಹೋಗಿ ಮುಚ್ಚುವವರೆಗೆ ಕೂತು, 1923ರಲ್ಲಿ ಡಿ.ಎಸ್ಸಿ. ಪಡೆದಾಗ 32. ಅದು ಬೆಳೆದ ಮನುಷ್ಯನೊಬ್ಬ ತಾನೇ ಆರಿಸಿಕೊಂಡ ಕಠಿಣ ದಾರಿ, ಹೊಟ್ಟೆಗೆ ಸರಿಯಾಗಿ ಇಲ್ಲದ ದಿನಗಳು ಬೇರೆ. ಕಡೆಯ ವರ್ಷಗಳಲ್ಲಿ ಮಧುಮೇಹ, ನರಗಳ ನೋವು ಅವರನ್ನು ಹಣ್ಣು ಮಾಡಿದವು. 65ಕ್ಕೇ ಅವರನ್ನು ಕಳೆದುಕೊಂಡೆವು. ನಿದ್ದೆಗೆಟ್ಟಿದ್ದರಿಂದಲೇ ಹಾಗಾಯಿತು ಎಂದು ನಾನು ಹೇಳುವುದಿಲ್ಲ, ಹೇಳುವ ಅಧಿಕಾರವೂ ನನಗಿಲ್ಲ.

ಆದರೆ ಹುಡುಗ ಭೀಮ ಹೇಗೆ ಓದಿದ ಎಂಬುದೂ ಅವರ ಜೀವನಚರಿತ್ರೆಯಲ್ಲೇ ಇದೆ. ಮುಂಬಯಿಯ ಪರೇಲಿನಲ್ಲಿ ಒಂದೇ ಕೋಣೆಯ ಮನೆ. ಅಡುಗೆ, ಸಾಮಾನು, ಜನ, ಎಲ್ಲ ಅಲ್ಲೇ. ಮಲಗಲು ಜಾಗವಿಲ್ಲ. ತಂದೆ ರಾಮಜಿ ಸಕ್ಪಾಲರು ಮಗನನ್ನು ಮೊದಲು ಮಲಗಿಸುತ್ತಿದ್ದರು. ತಾವು ರಾತ್ರಿ ಎರಡರವರೆಗೆ ಎಚ್ಚರವಿದ್ದು, ಆಮೇಲೆ ಮಗನನ್ನು ಓದಲು ಎಬ್ಬಿಸಿ, ಅವನು ಬಿಟ್ಟ ಜಾಗದಲ್ಲಿ ತಾವು ಮಲಗುತ್ತಿದ್ದರು. ಊರು ಸದ್ದು ಮಾಡುವ ಹೊತ್ತಿನಲ್ಲಿ ಮಗನಿಗೆ ನಿದ್ದೆ, ಊರು ಸುಮ್ಮನಾದ ಮೇಲೆ ಓದು. ಎರಡು ಗಂಟೆಗೆ ಎಬ್ಬಿಸುವುದನ್ನು ಇಂದು ಅನುಸರಿಸಬೇಕಿಲ್ಲ. ಗಮನಿಸಬೇಕಾದ್ದು ಆ ಮನೆಯಲ್ಲಿ ಎಚ್ಚರವಿದ್ದವರು ಯಾರು ಎಂಬುದನ್ನು. 18 ಗಂಟೆಯ ಮಾತು ಆಡುವ ನಾವು ರಾಮಜಿಯವರು ಕಾವಲು ಕೂತ ಆ ಗಂಟೆಗಳನ್ನು ಎಣಿಸುವುದೇ ಇಲ್ಲ.

ತ್ರಿಪಿಟಕದಲ್ಲೂ ಇಂಥದ್ದೇ ಒಂದು ಪ್ರಸಂಗವಿದೆ. ಅಂಗುತ್ತರ ನಿಕಾಯದ ಏಳರ ಗುಂಪಿನಲ್ಲಿ ಪಚಲಾಯಮಾನ ಸುತ್ತ, ಎಂದರೆ ತೂಕಡಿಸುವವನ ಸುತ್ತ. ಮೊಗ್ಗಲ್ಲಾನರು ಮಗಧದ ಒಂದು ಹಳ್ಳಿಯಲ್ಲಿ ಸಾಧನೆಗೆ ಕೂತಿದ್ದಾರೆ, ತಲೆ ತೂಗುತ್ತಿದೆ. ಮುಂದೆ ಬುದ್ಧರ ಇಬ್ಬರು ಅಗ್ರಶಿಷ್ಯರಲ್ಲಿ ಒಬ್ಬರಾದವರು ಅವರು, ಅವರಿಗೂ ತೂಕಡಿಕೆ ಬಂತು. ಬುದ್ಧರು ಗದರಲಿಲ್ಲ. ಒಂದಾದ ಮೇಲೊಂದು ಉಪಾಯ ಹೇಳಿಕೊಟ್ಟರು. ಯಾವ ವಿಚಾರ ಹಿಡಿದಾಗ ತೂಕಡಿಕೆ ಬಂತೋ ಅದನ್ನು ಬಿಡು. ಹೋಗದಿದ್ದರೆ ಕಲಿತದ್ದನ್ನು ಮನಸ್ಸಿನಲ್ಲಿ ತಿರುವಿ ಹಾಕು. ಆಗದಿದ್ದರೆ ಗಟ್ಟಿಯಾಗಿ ಪಠಿಸು. ಕಿವಿ ಹಿಂಡಿಕೋ, ಕೈಕಾಲು ಉಜ್ಜಿಕೋ. (ಕಿವಿ ಹಿಂಡುವುದು ನಮ್ಮ ಮೇಷ್ಟರುಗಳ ಕಂಡುಹಿಡಿಯುವಿಕೆ ಅಲ್ಲ ನೋಡಿ. ಆದರೆ ಅಲ್ಲಿ ಹಿಂಡಿಕೊಳ್ಳಬೇಕಾದ್ದು ತನ್ನ ಕಿವಿಯನ್ನೇ.) ಎದ್ದು ಕಣ್ಣಿಗೆ ನೀರು ಹಾಕಿಕೊಂಡು ದಿಕ್ಕುಗಳನ್ನು, ನಕ್ಷತ್ರಗಳನ್ನು ನೋಡು. ಮನಸ್ಸಿಗೆ ಬೆಳಕನ್ನು ತಂದುಕೋ. ಅತ್ತಿಂದಿತ್ತ ನಡೆದಾಡು. ಇಷ್ಟಾದರೂ ಹೋಗದಿದ್ದರೆ? ಎಂಟನೆಯ ಉಪಾಯ: ಬಲ ಮಗ್ಗುಲಿಗೆ ಮಲಗು, ಏಳುವ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ನಿದ್ದೆ ಮಾಡು, ಎಚ್ಚರವಾದ ಕೂಡಲೇ ಎದ್ದುಬಿಡು.

ಬೋಧಿಗಾಗಿ ಎಲ್ಲವನ್ನೂ ಬಿಟ್ಟು ಕೂತವನಿಗೂ ಕಡೆಗೆ ಸಿಕ್ಕ ಉತ್ತರ ನಿದ್ದೆ. ಆಲಸ್ಯಕ್ಕೆ, ಥೀನಮಿದ್ಧಕ್ಕೆ, ಪಂಚ ನೀವರಣಗಳಲ್ಲಿ ಜಾಗವಿದೆ. ಮೊದಲ ಏಳು ಉಪಾಯ ಅದಕ್ಕಾಗಿ. ಏಳೂ ಮಾಡಿ ನೋಡಿದ ಮೇಲೂ ತಲೆ ತೂಗಿದರೆ ಅದು ಆಲಸ್ಯವಲ್ಲ, ದೇಹ ಕೇಳುತ್ತಿರುವ ನಿದ್ದೆ. ಇದನ್ನು ಗುರುತಿಸುವುದೇ ಅಪ್ಪಮಾದ. ಕಾಫಿ ಕುಡಿದ ಮಗುವಿನ ಕಣ್ಣು ತೆರೆದಿರುತ್ತದೆ, ಆದರೆ ಒಂದೇ ಸಾಲನ್ನು ಐದು ಸಲ ಓದುತ್ತಿರುತ್ತದೆ. ತನಗೆ ಆಯಾಸವಾಗಿದೆ ಎಂಬುದೇ ಅದಕ್ಕೆ ಗೊತ್ತಾಗುತ್ತಿಲ್ಲ. ನನ್ನ ತಿಳಿವಳಿಕೆಯಲ್ಲಿ ಐದನೇ ಶೀಲದ ಪಮಾದ ಎಂಬ ಪದ ಈ ಲೋಟವನ್ನು ಮುಟ್ಟುವುದು ಇಲ್ಲಿ. ಒಪ್ಪದವರು ಕೂಟದಲ್ಲಿ ಚರ್ಚೆಗೆ ತನ್ನಿ.

ಮಕ್ಕಳು ರಾತ್ರಿಯಲ್ಲೇ ಯಾಕೆ ಓದುತ್ತಾರೆ? ನಮ್ಮ ಮನೆಗಳನ್ನು ನೋಡಿಕೊಂಡರೆ ತಿಳಿಯುತ್ತದೆ. ಒಂದೂವರೆ ಕೋಣೆ. ಏಳರಿಂದ ಹತ್ತರವರೆಗೆ ಟಿವಿಯಲ್ಲಿ ಧಾರಾವಾಹಿ. ಬಂದು ಹೋಗುವ ನೆಂಟರು, ಪಕ್ಕದ ಮನೆಯ ಜಗಳ, ಮೊಬೈಲಿನ ಗದ್ದಲ. ಹುಡುಗಿಯಾದರೆ ಕಾಲೇಜಿನಿಂದ ಬಂದು ನೀರು ಹಿಡಿಯಬೇಕು, ಅಡುಗೆಗೆ ಕೈ ಹಾಕಬೇಕು, ಎಲ್ಲರದ್ದೂ ಊಟವಾದ ಮೇಲೆ ಮುಸುರೆ ಪಾತ್ರೆ ತಿಕ್ಕಬೇಕು. ಅಣ್ಣನೋ ತಮ್ಮನೋ ಉಂಡ ತಟ್ಟೆ ಅಲ್ಲೇ ಬಿಟ್ಟು ಏಳುತ್ತಾನೆ. ಅವಳ ಪುಸ್ತಕ ತೆರೆಯುವುದೇ ಹತ್ತೂವರೆಗೆ. ಆ ಹೊತ್ತಿಗೆ ಅವಳ ಕೈಯಲ್ಲಿರುವ ಕಾಫಿ ಲೋಟ ಅವಳ ಚಟ ಎನ್ನುವುದಕ್ಕಿಂತ ನಾವು ಅವಳಿಗೆ ಕೊಡದ ಮೂರು ಗಂಟೆಯ ಬದಲಿಗೆ ಬಂದದ್ದು. ಟ್ಯೂಷನ್, ಕೋಣೆ, ಮೇಜು ಇರುವ ಮನೆಯ ಮಕ್ಕಳು ಸಂಜೆ ಆರಕ್ಕೇ ಓದಿ ಹತ್ತಕ್ಕೆ ಮಲಗಿ ಬಂದು ಅದೇ ಪರೀಕ್ಷೆ ಬರೆಯುತ್ತಾರೆ. ಶಿಕ್ಷಣವೇ ಬಲ ಎಂದು ಗೋಡೆಯ ಮೇಲೆ ಬರೆಸುವ ನಾವು ಪಾತ್ರೆ ತಿಕ್ಕುವ ಸರದಿಯನ್ನೂ ಮನೆಯ ಗೋಡೆಗೆ ಬರೆದು ಅಂಟಿಸಬೇಕು, ಅದರಲ್ಲಿ ಮಗನ ಹೆಸರೂ ಅಪ್ಪನ ಹೆಸರೂ ಇರಬೇಕು.

ಇನ್ನೂ ಒಂದು ಮಾತು, ಸಿಟ್ಟಾಗಬೇಡಿ. ಏಪ್ರಿಲ್, ಮೇ ಎಂದರೆ ಸಿಇಟಿ, ನೀಟ್ ಕಾಲ. ನಮ್ಮ ಕೇರಿಗಳಲ್ಲಿ ಜಯಂತಿಯ ಡಿಜೆ ರಾತ್ರಿ ಹನ್ನೆರಡು ದಾಟುವುದೂ ಅದೇ ಕಾಲದಲ್ಲಿ. ಬಾಬಾಸಾಹೇಬರ ಮೆರವಣಿಗೆ ಬೇಕು, ನಾನೂ ಬರುತ್ತೇನೆ. ಸದ್ದು ಹತ್ತಕ್ಕೆ ನಿಂತರೆ ಅವರಿಗೆ ಅಗೌರವವಾಗುವುದಿಲ್ಲ.

ಕಾಫಿ ಕಡಿಮೆ ಮಾಡಬೇಕೆನ್ನುವ ಮಕ್ಕಳಿಗೆ: ಒಂದೇ ದಿನಕ್ಕೆ ನಿಲ್ಲಿಸಬೇಡಿ, ತಲೆನೋವಿಗೆ ಹೆದರಿ ಮರುದಿನವೇ ಹಿಂದಿರುಗುತ್ತೀರಿ. ಪರೀಕ್ಷೆ ಒಂದೆರಡು ವಾರವಿರುವಾಗಂತೂ ಹೊಸದಾಗಿ ಬಿಡುವ ಸಾಹಸ ಬೇಡ, ಇರುವುದನ್ನು ಹೆಚ್ಚಿಸದೆ ಮಧ್ಯಾಹ್ನಕ್ಕೆ ಮುಂಚೆ ತನ್ನಿ. ಸಮಯವಿದ್ದರೆ ಮೊದಲು ರಾತ್ರಿಯ ಲೋಟ ಬಿಡಿ, ಮೂರು ನಾಲ್ಕು ದಿನದ ಮೇಲೆ ಸಂಜೆಯದ್ದು, ಆಮೇಲೆ ಪುಡಿಯನ್ನು ಅರ್ಧ ಚಮಚಕ್ಕೆ ಇಳಿಸಿ. ನೀರು ಚೆನ್ನಾಗಿ ಕುಡಿಯಿರಿ. ಮಧ್ಯಾಹ್ನ ತೂಕಡಿಕೆ ಬಂದರೆ ಇಪ್ಪತ್ತು ನಿಮಿಷ ಮಲಗಿ, ಮೊಗ್ಗಲ್ಲಾನರಿಗೆ ಹೇಳಿದಂತೆ ಏಳುವ ಹೊತ್ತು ಗೊತ್ತು ಮಾಡಿಕೊಂಡು. ಕಾಫಿ ಬೇಕು ಎನ್ನಿಸಿದಾಗ ಎದ್ದು ಹೋಗುವ ಮೊದಲು ಹತ್ತು ಉಸಿರು ಆನಾಪಾನ ಮಾಡಿ, ಆ 'ಬೇಕು' ಮೈಯಲ್ಲಿ ಎಲ್ಲಿದೆ ನೋಡಿ. ನೋಡಿದ ಮೇಲೂ ಕುಡಿಯಬಹುದು, ಯಾರೂ ಬೈಯುವುದಿಲ್ಲ.

ಕೂಟದ ಹಿರಿಯರ ಜೊತೆ ಮಾತಾಡಿದ್ದೇನೆ. ಈ ಸೋಮವಾರದಿಂದ ಪರೀಕ್ಷೆಗಳು ಮುಗಿಯುವವರೆಗೆ ವಿಹಾರದ ಹಾಲ್ ಸಂಜೆ ಆರರಿಂದ ಒಂಬತ್ತೂವರೆಯವರೆಗೆ ಓದುವ ಮಕ್ಕಳಿಗೆ ತೆರೆದಿರುತ್ತದೆ. ಆ ಹೊತ್ತಿನಲ್ಲಿ ಮೈಕ್ ಇಲ್ಲ, ವಂದನೆ ಐದೂವರೆಗೇ ಮುಗಿಯುತ್ತದೆ. ಕುಡಿಯಲು ಮಜ್ಜಿಗೆ, ರಾಗಿ ಅಂಬಲಿ. ಇಬ್ಬಿಬ್ಬರು ದೊಡ್ಡವರು ಸರದಿಯಲ್ಲಿ ಕೂತಿದ್ದು, ಒಂಬತ್ತೂವರೆಗೆ ಹೆಣ್ಣುಮಕ್ಕಳನ್ನು ಮನೆ ಬಾಗಿಲಿನವರೆಗೆ ಬಿಟ್ಟು ಬರಬೇಕು. ಸೋಮವಾರ, ಗುರುವಾರ ನನ್ನ ಸರದಿ. ಮಂಗಳವಾರಕ್ಕೂ ಶನಿವಾರಕ್ಕೂ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಅಪ್ಪಂದಿರು ಬಂದರೆ ಒಳ್ಳೆಯದು. ಇದೇ ಗುಂಪಿನಲ್ಲಿ ಹೆಸರು ಹಾಕಿ.

ಜೈ ಭೀಮ್. ನಮೋ ಬುದ್ಧಾಯ.